ಖಾಲಿ ಪೆಟ್ಟಿಗೆಯ ಅಧ್ಯಕ್ಷ

ಹೋದ ಜೂನ್ ತಿಂಗಳಲ್ಲಿ ನಾನು ಒಂದು ರೈಲ್ವೆ ಕಂಪನಿಗೆ ಅಧ್ಯಕ್ಷನಾದೆ. ನಗಬೇಡಿ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆ ಮಾಡಿ, ಹೆಡ್ ಕ್ಲರ್ಕ್ ಕೂಡ ಆಗದೆ ಮನೆಗೆ ಬಂದವನಿಗೆ 74ನೇ ವಯಸ್ಸಿನಲ್ಲಿ ಆ ಯೋಗ ಕೂಡಿಬಂತು. ಅಧ್ಯಕ್ಷಗಿರಿ ಕೈಗೆ ಬಂದ ಗಳಿಗೆಯಲ್ಲಿ ಕಂಪನಿಯ ಪೆಟ್ಟಿಗೆಯಲ್ಲಿ ಇದ್ದದ್ದು 6 ಡಾಲರು. ರೈಲು ಒಂದೂ ಇರಲಿಲ್ಲ. ನನ್ನನ್ನು ಆ ಪೀಠಕ್ಕೆ ಏರಿಸಿದವನು ನನ್ನ ಮೊಮ್ಮಗ ಅನಿ, ವಯಸ್ಸು 14.

ಇದು ಆಟದ ಕಂಪನಿ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹಳೆಯ ಸಹೋದ್ಯೋಗಿಗಳು ಸಾಲ ಕೇಳಲು ಬಂದಾರು.

ಮಗನ ಮನೆ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿನಲ್ಲಿದೆ. ಅಲ್ಲಿ ಪ್ರತಿ ವರ್ಷ ಜೂನ್‌ನಲ್ಲಿ 'ಆರಿಜಿನ್ಸ್' ಎಂಬ ಆಟಗಳ ಜಾತ್ರೆ ನಡೆಯುತ್ತದೆ. ಜಾತ್ರೆ ಅಂದರೆ ತೊಟ್ಟಿಲು, ಬೆಂಡು ಬತ್ತಾಸು ಇಲ್ಲ. ಹಗಲು ರಾತ್ರಿ ಮೇಜಿನ ಮುಂದೆ ಕೂತು ಆಡುವುದು, ಅಷ್ಟೆ. ಕೊರಳಿಗೊಂದು ಬ್ಯಾಡ್ಜ್ ಹಾಕಿಕೊಂಡು ಒಳಗೆ ಹೋದರೆ ನಮ್ಮ ಕಡೆಯ ಎಪಿಎಂಸಿ ಯಾರ್ಡನ್ನು ನಾಲ್ಕು ಪಟ್ಟು ಮಾಡಿ ಎ.ಸಿ. ಹಾಕಿಸಿದಂಥ ಜಾಗ. ಬಿಳಿ ಕೂದಲಿನವರು, ಕೈಗೂಸು ಎತ್ತಿಕೊಂಡ ತಾಯಂದಿರು, ಕಿವಿಗೆ ಕೊಂಬು ಕಟ್ಟಿಕೊಂಡ ಹುಡುಗರು ಎಲ್ಲ ಅಕ್ಕಪಕ್ಕದಲ್ಲಿ. ಯಾರೂ ಯಾರನ್ನೂ ವಿಚಿತ್ರವಾಗಿ ನೋಡುವುದಿಲ್ಲ. ನಾನು ಪಂಚೆ ಉಟ್ಟು ಹೋಗಿದ್ದರೂ ನಡೆಯುತ್ತಿತ್ತು.

"ತಾತ, ನಿಮಗೆ ರೈಲು ಇಷ್ಟ, ಲೆಕ್ಕ ಇಷ್ಟ. ಎರಡೂ ಇರೋ ಆಟ ಒಂದಿದೆ" ಎಂದು ಅನಿ ನನ್ನನ್ನು ಎಳೆದುಕೊಂಡು ಹೋಗಿದ್ದ. ಮಾತು ಸುಳ್ಳಲ್ಲ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ಅಲ್ಲಿ ಮಕ್ಕಳಿಗೆ ಜೋಗುಳಕ್ಕಿಂತ ಮೊದಲು ಇಂಜಿನ್ ಕೂಗು ಕಿವಿಗೆ ಬೀಳುತ್ತಿತ್ತು. ಆಗೆಲ್ಲ ಮೀಟರ್ ಗೇಜ್, ಕಲ್ಲಿದ್ದಲಿನ ಇಂಜಿನ್. ಬೇಸಿಗೆ ರಜೆಯಲ್ಲಿ ಬಿಸಿನೆಸ್ ಆಟ ಆಡುವಾಗಲೂ ನಾನು ಮೊದಲು ಕೊಳ್ಳುತ್ತಿದ್ದದ್ದು ರೈಲ್ವೆಯ ಕಾರ್ಡನ್ನೇ. ಬಾಂಬೆ ಬಿಟ್ಟರೂ ರೈಲ್ವೆ ಬಿಡುತ್ತಿರಲಿಲ್ಲ.

ಆದರೆ ಬಿಸಿನೆಸ್ ಆಟದಲ್ಲಿ ದಾಳ ಇದೆ, ಮಕ್ಕಳೇ. ನಮ್ಮ ತಪ್ಪನ್ನೆಲ್ಲ ದಾಳದ ತಲೆಗೆ ಕಟ್ಟಬಹುದು. ಅನಿ ತೋರಿಸಿದ ಆಟದಲ್ಲಿ ದಾಳವೇ ಇಲ್ಲ. ಇಸ್ಪೀಟಿನ ಹಾಗೆ ಕಲಸಿ ಹಂಚುವ ಎಲೆಯೂ ಇಲ್ಲ. ಅದೃಷ್ಟ ಎನ್ನುವ ಮಾತೇ ಇಲ್ಲದ ಆಟ. ಅದರ ಹೆಸರು '1830'. ಅಮೆರಿಕದ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆ ಪ್ರಯಾಣಿಕರನ್ನು ಹೊತ್ತು ಓಡತೊಡಗಿದ ವರ್ಷವದು. ಫ್ರಾನ್ಸಿಸ್ ಟ್ರೆಶಮ್ ಎಂಬ ಇಂಗ್ಲೆಂಡಿನವರು 1974ರಲ್ಲಿ '1829' ಎಂಬ ಆಟ ಮಾಡಿದರು. 1986ರಲ್ಲಿ ಅವರದೇ '1830' ಬಂತು. ಅಲ್ಲಿಂದ ಈಚೆಗೆ ಬೇರೆ ಬೇರೆಯವರು ಬೇರೆ ಬೇರೆ ದೇಶಗಳ ಭೂಪಟ ಇಟ್ಟುಕೊಂಡು ಇದೇ ಜಾತಿಯ ಆಟಗಳನ್ನು ರಾಶಿ ರಾಶಿ ಮಾಡಿದ್ದಾರೆ. ಹೆಚ್ಚಿನವಕ್ಕೆ ಇಸವಿಯೇ ಹೆಸರು. ನಮ್ಮ ದೇಶದ್ದೂ ಒಂದಿದೆ. ಅದು '1853', ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟ ವರ್ಷ. ಅದನ್ನೂ ಟ್ರೆಶಮ್ ಅವರೇ ಮಾಡಿದ್ದು.

ಚಿಕ್ಕ ಮಕ್ಕಳಿಗೆ ಹಿಡಿಸುವ ಸುಲಭದ ರೈಲು ಆಟಗಳೂ ಆ ಸಭಾಂಗಣದಲ್ಲಿ ಬೇಕಾದಷ್ಟಿದ್ದವು. 'ಟಿಕೆಟ್ ಟು ರೈಡ್' ಎಂಬುದರಲ್ಲಿ ಬಣ್ಣದ ಪುಟ್ಟ ಬೋಗಿಗಳನ್ನು ಊರಿಂದ ಊರಿಗೆ ಜೋಡಿಸುತ್ತ ಹೋಗುವುದು. ಒಂದು ಗಂಟೆಯೊಳಗೆ ಮುಗಿಯುತ್ತದೆ. ಇನ್ನೊಂದರಲ್ಲಿ ಮೇಣದ ಬಣ್ಣದ ಕಡ್ಡಿಯಿಂದ ನಕ್ಷೆಯ ಮೇಲೆಯೇ ಹಳಿ ಗೀಚಿ, ಆಟ ಮುಗಿದ ಮೇಲೆ ಒರೆಸಿಹಾಕುತ್ತಾರೆ. ಅದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಆದರೆ ನಮ್ಮ ಹೆಸರು ಬರೆಸಿದ್ದದ್ದು '1830'ರ ಮೇಜಿಗೆ.

ಮೇಜಿನಲ್ಲಿ ನಾವು ನಾಲ್ವರು. ನಾನು, ಅನಿ, ಬಿಳಿ ಗಡ್ಡದ ಒಬ್ಬ ಹಿರಿಯರು, ಕನ್ನಡಕದ ಒಬ್ಬ ಮೇಷ್ಟರಮ್ಮ. ಆಟದ ಪೆಟ್ಟಿಗೆ ಗಡ್ಡದವರದು. ಅವರು ಕಾಗದದ ದುಡ್ಡಿನ ಬದಲು ಬಣ್ಣದ ದಪ್ಪ ಬಿಲ್ಲೆಗಳನ್ನು ಹೊರತೆಗೆದರು. ಜೂಜುಕಟ್ಟೆಯ ಬಿಲ್ಲೆ! ಈ ಆಟದವರು ಎಣಿಸಲು ಸುಲಭವೆಂದು ಅದನ್ನೇ ಬಳಸುತ್ತಾರಂತೆ. ಅವತ್ತು ರಾತ್ರಿ ನನ್ನಾಕೆಗೆ ಇದನ್ನು ಹೇಳಿದಾಗ, "ಏನ್ರೀ, ಈ ವಯಸ್ಸಲ್ಲಿ ಮೊಮ್ಮಗನ್ನ ಕಟ್ಕೊಂಡು ಜೂಜಾಡೋಕೆ ಹೋಗಿದ್ರಾ?" ಎಂದು ಹುಬ್ಬು ಗಂಟಿಕ್ಕಿದಳು.

ನಾನು ಬ್ಯಾಂಕಿನಲ್ಲಿದ್ದವನು ಎಂದು ಅನಿ ಎಲ್ಲರಿಗೂ ಹೇಳಿಬಿಟ್ಟ. ತಕ್ಷಣ ಆಟದ ಬ್ಯಾಂಕು ನನ್ನ ಪಾಲಿಗೆ ಬಂತು. 12,000 ಡಾಲರಿನ ಬ್ಯಾಂಕು. ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಾಲದಲ್ಲಿ ಕ್ಯಾಷ್ ಕೌಂಟರಿಗೆ ಕೂರುವ ಮೊದಲು ಜೇಬಿನಲ್ಲಿರುವ ಸ್ವಂತ ದುಡ್ಡು ಎಷ್ಟು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕಿತ್ತು. ನಮ್ಮ ದುಡ್ಡೂ ಬ್ಯಾಂಕಿನ ದುಡ್ಡೂ ಕಲೆಯಬಾರದಲ್ಲ, ಅದಕ್ಕೆ. ಅದೇ ಅಭ್ಯಾಸದಲ್ಲಿ ಎಡಕ್ಕೆ ಬ್ಯಾಂಕಿನ ತಟ್ಟೆ, ಬಲಕ್ಕೆ ನನ್ನ ಬಿಲ್ಲೆ ಇಟ್ಟುಕೊಂಡು ಕೂತೆ. 2,400 ಡಾಲರನ್ನು ನಾಲ್ವರಿಗೂ ಸಮ ಹಂಚಿ ಆಟ ಶುರು ಮಾಡುತ್ತಾರೆ. ತಲೆಗೆ 600.

ಇನ್ನು ಆಟದ ತಿರುಳು. ನಕ್ಷೆಯಲ್ಲಿ ಎಂಟು ರೈಲ್ವೆ ಕಂಪನಿಗಳಿವೆ. ಪೆನ್ಸಿಲ್ವೇನಿಯ, ನ್ಯೂಯಾರ್ಕ್ ಸೆಂಟ್ರಲ್, ಈರಿ, ಬಾಸ್ಟನ್ ಅಂಡ್ ಮೇನ್, ಹೀಗೆ ನಿಜವಾಗಿ ಇದ್ದವೇ. ಒಂದೊಂದಕ್ಕೂ 10 ಷೇರು. ಮೊದಲು ಷೇರು ಪೇಟೆಯ ಸುತ್ತು. ಕೊಳ್ಳಬಹುದು, ಮಾರಬಹುದು. 6 ಷೇರು ಖರ್ಚಾದರೆ ಕಂಪನಿ ಎದ್ದು ನಿಲ್ಲುತ್ತದೆ. ಹೆಚ್ಚು ಷೇರು ಇದ್ದವರು ಅಧ್ಯಕ್ಷರು. ಆಮೇಲೆ ರೈಲು ಓಡಿಸುವ ಸುತ್ತು. ಅಧ್ಯಕ್ಷರು ಕಂಪನಿಯ ದುಡ್ಡಿನಲ್ಲಿ ಹಳಿ ಹಾಸಿ, ರೈಲು ಕೊಂಡು, ಊರಿಂದ ಊರಿಗೆ ಓಡಿಸಿ ಸಂಪಾದಿಸುತ್ತಾರೆ.

ಸಂಪಾದನೆ ಬಂದಾಗ ಒಂದು ಪ್ರಶ್ನೆ ಬರುತ್ತದೆ. ಷೇರುದಾರರಿಗೆ ಹಂಚಬೇಕೋ, ಕಂಪನಿಯ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಕೋ? ಹಂಚಿದರೆ ಷೇರಿನ ಬೆಲೆ ಏರುತ್ತದೆ, ಎಲ್ಲರ ಮುಖ ಅರಳುತ್ತದೆ. ಇಟ್ಟುಕೊಂಡರೆ ಬೆಲೆ ಇಳಿಯುತ್ತದೆ, ಗೊಣಗಾಟ ಶುರು. ಹಾಗಾದರೆ ಹಂಚುತ್ತಲೇ ಇರಬಹುದಲ್ಲ ಅಂತೀರಾ? ಅಲ್ಲೇ ಟ್ರೆಶಮ್ ಅವರು ಚೇಳು ಇಟ್ಟಿದ್ದಾರೆ. ರೈಲುಗಳು ಹಳತಾಗುತ್ತವೆ. ಮೊದಲ ರೈಲಿಗೆ 80 ಡಾಲರು, ಅದು ಎರಡೇ ಊರು ಮುಟ್ಟುತ್ತದೆ. ಮುಂದಿನದು 180, ಆಮೇಲೆ 300, 450, 630. ಕೊನೆಯ ಡೀಸೆಲ್ಲಿಗೆ 1,100. ಯಾರಾದರೂ 300ರ ರೈಲನ್ನು ಮೊದಲು ಕೊಂಡ ಕ್ಷಣಕ್ಕೆ ಊರಲ್ಲಿರುವ 80ರ ರೈಲೆಲ್ಲ ಗುಜರಿಗೆ. 630ರದು ಬಂದ ಕ್ಷಣಕ್ಕೆ 180ರದೆಲ್ಲ ಗುಜರಿಗೆ. ಎಚ್ಚರಿಕೆಯಿಲ್ಲ, ಪರಿಹಾರವಿಲ್ಲ. ಹಳಿ ಹಾಸಿಕೊಂಡ ಕಂಪನಿಗೆ ರೈಲು ಇರಲೇಬೇಕು. ಪೆಟ್ಟಿಗೆಯಲ್ಲಿ ದುಡ್ಡಿಲ್ಲದಿದ್ದರೆ ಅಧ್ಯಕ್ಷರು ಸ್ವಂತ ಜೇಬಿನಿಂದ ಕೊಂಡುಕೊಡಬೇಕು. ಅವರಿಗೂ ಆಗದಿದ್ದರೆ ದಿವಾಳಿ, ಆಟ ಅಲ್ಲಿಗೇ ಮುಗಿಯಿತು.

ಬಿ.ಕಾಂ. ಓದುವಾಗ ಸವಕಳಿ ನಿಧಿ ಎಂಬ ಪಾಠವನ್ನು ನಾನು ಬಾಯಿಪಾಠ ಮಾಡಿ ಬರೆದವನು. ಅದು ಏತಕ್ಕಿದೆ ಅನ್ನುವುದು ಗುಜರಿಗೆ ಹೋದ ಆ ರಟ್ಟಿನ ರೈಲುಗಳನ್ನು ನೋಡಿದಾಗ ಹೊಟ್ಟೆಗೆ ಇಳಿಯಿತು.

ನಾನು ಗುಮಾಸ್ತನ ಹಾಗೆಯೇ ಆಡಿದೆ. ಅಧ್ಯಕ್ಷಗಿರಿಯ ತಂಟೆ ಬೇಡ ಎಂದು ಬೇರೆಯವರ ಕಂಪನಿಗಳಲ್ಲಿ ಮೂರು ಮೂರು ಷೇರು ಹಿಡಿದು, ಫಿಕ್ಸೆಡ್ ಡೆಪಾಸಿಟ್ಟಿನ ಬಡ್ಡಿಯಂತೆ ಲಾಭಾಂಶ ತಿನ್ನುತ್ತ ಕೂತೆ. ಗಡ್ಡದವರ ಪೆನ್ಸಿಲ್ವೇನಿಯದಲ್ಲಿ ಮೂರು, ಅನಿಯ ಈರಿಯಲ್ಲಿ ಮೂರು. ಅನಿ ಈರಿಗೂ ಬಾಸ್ಟನ್ನಿಗೂ ಅಧ್ಯಕ್ಷ. ಈರಿಯಲ್ಲಿ ಅವನದು ಐದು ಷೇರು. ಪ್ರತಿ ಸಲ ಲಾಭ ಹಂಚುತ್ತಿದ್ದ. ನನಗೋ ಹೆಮ್ಮೆ.

ನಡುವೆ ಗಡ್ಡದವರು ಮಾತು ತೆಗೆದರು. ಅವರು ಕೊಲಂಬಸ್ಸಿನಲ್ಲೇ ಹುಟ್ಟಿದವರಂತೆ. ನಾವು ಕೂತಿರುವ ಈ ಜಾಗ ಏನಾಗಿತ್ತು ಗೊತ್ತೇ ಎಂದು ಕೇಳಿದರು. ಯೂನಿಯನ್ ಸ್ಟೇಷನ್! ಊರಿನ ದೊಡ್ಡ ರೈಲು ನಿಲ್ದಾಣ. 1970ರ ದಶಕದಲ್ಲಿ ಕೆಡವಿಬಿಟ್ಟರು. 1979ರಲ್ಲಿ ಕೊನೆಯ ಪ್ರಯಾಣಿಕರ ರೈಲೂ ನಿಂತುಹೋಯಿತು. ಅಷ್ಟು ದೊಡ್ಡ ಊರಿಗೆ ಇವತ್ತಿಗೂ ಒಂದು ಪ್ಯಾಸೆಂಜರ್ ಗಾಡಿ ಇಲ್ಲ. ನಿಲ್ದಾಣದ ಒಂದು ಕಮಾನು ಮಾತ್ರ ಉಳಿಸಿ ಹತ್ತಿರದ ಉದ್ಯಾನದಲ್ಲಿ ನಿಲ್ಲಿಸಿದ್ದಾರೆ. ಮಾರನೆಯ ದಿನ ಹೋಗಿ ನೋಡಿದೆ. ಹುಲ್ಲಿನ ನಡುವೆ ಕಮಾನು ಒಂದೇ ನಿಂತಿದೆ, ಆಚೆಗೂ ಈಚೆಗೂ ಏನಿಲ್ಲ. ಅರಸೀಕೆರೆ ಜಂಕ್ಷನ್ನಿಗೆ ಹೀಗಾದರೆ ಎಂದು ಯೋಚಿಸಿ, ಬೇಗ ಬೇಗ ವಾಪಸು ಬಂದೆ.

ಇತ್ತ ಮಾತು ಕೇಳುತ್ತ ಕೂತ ಹೊತ್ತಿನಲ್ಲೇ ನನ್ನ ಮೊಮ್ಮಗ ಕೆಲಸ ಮುಗಿಸಿದ್ದ.

ಈರಿಯ ಪೆಟ್ಟಿಗೆಯಲ್ಲಿ 356 ಡಾಲರಿತ್ತು. ಬಾಸ್ಟನ್ನಿನಲ್ಲಿ 280. ಈ ಆಟದಲ್ಲಿ ಒಂದು ಕಂಪನಿ ಇನ್ನೊಂದರಿಂದ ಹಳೆಯ ರೈಲನ್ನು ಎಷ್ಟು ಬೆಲೆಗೆ ಬೇಕಾದರೂ ಕೊಳ್ಳಬಹುದು. ಎರಡಕ್ಕೂ ಅನಿಯೇ ಅಧ್ಯಕ್ಷನಾದ್ದರಿಂದ ಕೊಳ್ಳುವವನೂ ಅವನೇ, ಮಾರುವವನೂ ಅವನೇ. ಬಾಸ್ಟನ್ನಿನ 180ರ ಹಳೆಯ ರೈಲನ್ನು ಈರಿ 350 ಕೊಟ್ಟು ಕೊಂಡಿತು. 280ಕ್ಕೆ 350 ಸೇರಿದರೆ ಎಷ್ಟು? ಪಕ್ಕಾ 630. ಬಾಸ್ಟನ್ನಿನ ಸರದಿ ಬಂದದ್ದೇ 630ರ ರೈಲು ಕೊಂಡಿತು. ಆ ಕ್ಷಣಕ್ಕೆ 180ರ ರೈಲುಗಳೆಲ್ಲ ಗುಜರಿಗೆ. ಈರಿಯದೂ, ಈಗ ತಾನೇ ಎರಡು ಪಟ್ಟು ಬೆಲೆ ಕೊಟ್ಟು ಕೊಂಡದ್ದೂ ಹೋಯಿತು. ಬ್ಯಾಂಕರ್ ನಾನೇ, ಆ ಬಿಲ್ಲೆಗಳನ್ನು ತಟ್ಟೆಗೆ ತೆಗೆದುಕೊಂಡವನೂ ನಾನೇ. ಆದರೂ ಹೊಳೆಯಲಿಲ್ಲ.

ಮುಂದೆ ಷೇರು ಪೇಟೆಯ ಸುತ್ತು. ಅನಿ ಈರಿಯ ಮೂರು ಷೇರು ಮಾರಿದ. ಅವನ ಹತ್ತಿರ ಉಳಿದದ್ದು ಎರಡು, ನನ್ನ ಹತ್ತಿರ ಮೂರು. ಅಧ್ಯಕ್ಷರ ಷೇರುಪತ್ರವನ್ನು ನನ್ನ ಮುಂದೆ ಸರಿಸಿ, "ಕಂಗ್ರಾಟ್ಸ್ ತಾತ!" ಅಂದ.

ಮೇಷ್ಟರಮ್ಮ ನಕ್ಕರು. ಗಡ್ಡದವರು ಹೊಟ್ಟೆ ಹಿಡಿದು ನಕ್ಕರು. ನಿಜವಾದ ಈರಿ ರೈಲ್ವೆಯ ಕಥೆಯೂ ಇಂಥದೇ ಎಂದು ಹೇಳಿದರು. 1868ರಲ್ಲಿ ವ್ಯಾಂಡರ್‌ಬಿಲ್ಟ್ ಎಂಬ ಕುಬೇರ ಈರಿಯನ್ನು ವಶ ಮಾಡಿಕೊಳ್ಳಲು ಷೇರು ಕೊಳ್ಳುತ್ತ ಹೋದನಂತೆ. ಒಳಗಿದ್ದ ಡ್ರೂ, ಫಿಸ್ಕ್, ಗೌಲ್ಡ್ ಎಂಬ ಮೂವರು ಹೊಸ ಹೊಸ ಷೇರು ಅಚ್ಚು ಹಾಕಿ ಅವನಿಗೇ ಮಾರುತ್ತ ಹೋದರು. ಬಂಧನದ ಆಜ್ಞೆ ಬಂದಾಗ ದುಡ್ಡಿನ ಸಮೇತ ಹಡ್ಸನ್ ನದಿ ದಾಟಿ ಪಕ್ಕದ ರಾಜ್ಯದ ಜರ್ಸಿ ಸಿಟಿಗೆ ಓಡಿಹೋದರು. ಎಲ್ಲರೂ ಮತ್ತೆ ನಕ್ಕರು.

ನನಗೆ ನಗು ಬರಲಿಲ್ಲ. ಆಟವೇ ಇರಬಹುದು, ಆದರೆ ಎದೆಯಲ್ಲಿ ಏನೋ ಚುಚ್ಚಿತು. ಕಾಫಿ ತರುತ್ತೇನೆಂದು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಅನಿ ಹಿಂದೆಯೇ ಬಂದ.

"ಕೋಪ ಬಂತಾ ತಾತ?"

"ಇದು ಮೋಸ ಅಲ್ವೇನೋ?"

"ರೂಲ್ಸ್‌ನಲ್ಲಿ ಇದೆ ತಾತ. ಈರಿ ದುಡ್ಡು ಎಲ್ಲರ ಮುಂದೆ ಟೇಬಲ್ ಮೇಲೇ ಇತ್ತು. ನಾನೇನೂ ಬಚ್ಚಿಡ್ಲಿಲ್ಲ. ನೀವು ಯಾಕೆ ನೋಡ್ಲಿಲ್ಲ?"

"ನಿಂದು ಅಂತ ನೋಡ್ಲಿಲ್ಲ" ಅಂದೆ. ಅವನು ಸುಮ್ಮನಾದ.

ಆಗ ಅವನಿಗೆ ಒಂದು ವಿಷಯ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರದಿದ್ದದ್ದು. ಊರು ಬೇಡ, ಹೆಸರು ಬೇಡ. ನಾನು ಲೆಡ್ಜರಿನಲ್ಲಿ ಕೂರುತ್ತಿದ್ದ ಕಾಲ. ಅಣ್ಣ ತಮ್ಮ ಸೇರಿ ನಡೆಸುತ್ತಿದ್ದ ಒಂದು ಅಕ್ಕಿ ಗಿರಣಿಯ ಖಾತೆ ನಮ್ಮಲ್ಲಿತ್ತು. ಅಣ್ಣ ತೀರಿಕೊಂಡ. ಅವನ ಹೆಂಡತಿಯನ್ನು ಪಾಲುದಾರಳನ್ನಾಗಿ ಮಾಡಿದರು. ಆಮೇಲೆ ಪ್ರತಿ ವಾರ ಗಿರಣಿಯ ಖಾತೆಯಿಂದ ತಮ್ಮನ ಇನ್ನೊಂದು ವ್ಯಾಪಾರದ ಖಾತೆಗೆ ಚೆಕ್ಕು ಬರತೊಡಗಿತು. ಒಂದೊಂದನ್ನೂ ಲೆಡ್ಜರಿಗೆ ಏರಿಸಿದವನು ನಾನು. ಕೊನೆಗೆ ತಮ್ಮ, ಅತ್ತಿಗೆಗೆ ಗಿರಣಿಯನ್ನೇ ಬಿಟ್ಟುಕೊಟ್ಟೆ ಎಂದು ಊರೆಲ್ಲ ಹೇಳಿಕೊಂಡು ಹೊರಬಂದ. ಸಾಲದ ಪತ್ರದಲ್ಲಿ ಉಳಿದದ್ದು ಆಕೆಯ ಸಹಿ. ಒಂದು ದಿನ ಆಯಮ್ಮ ನೋಟೀಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಇದರಲ್ಲಿ ಏನು ಬರ್ದದೆ ನೋಡಣ್ಣ" ಎಂದು ನನ್ನ ಕೌಂಟರಿನ ಮುಂದೆ ಹಿಡಿದರು.

"ನೀವು ಮೊದಲೇ ಹೇಳ್ಲಿಲ್ವಾ ಅವರಿಗೆ?"

"ಚೆಕ್ಕು ಸರಿಯಿತ್ತು, ಸಹಿ ಸರಿಯಿತ್ತು. ಒಬ್ಬರ ಖಾತೆ ವಿಷಯ ಆಡೋ ಹಾಗಿರ್ಲಿಲ್ಲ."

"ಆದರೆ ಅದು ಅವರದೇ ಖಾತೆ ಅಲ್ವಾ ತಾತ?"

ಈ ಪ್ರಶ್ನೆಯನ್ನು 40 ವರ್ಷದಲ್ಲಿ ನಾನೇ ನನಗೆ ಕೇಳಿಕೊಂಡಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹುಡುಗನ ಬಾಯಿಂದ ಕೇಳಿದ್ದು ಮಾತ್ರ ಅವತ್ತೇ. "ಹೌದು" ಅಂದೆ. "ಆಮೇಲೆ ಏನಾಯ್ತು?" ಅಂದ. ಗಿರಣಿ ಮಾರಿದರು, ಮಗ ಬಸ್ ಕಂಡಕ್ಟರ್ ಆದ ಎಂದು ಹೇಳಿದೆ. ಸೊಸೆ ಕಟ್ಟಿಕೊಟ್ಟಿದ್ದ ಪುಳಿಯೋಗರೆಯನ್ನು ಇಬ್ಬರೂ ಅಲ್ಲೇ ನಿಂತು ತಿಂದು ಮುಗಿಸಿ ಮೇಜಿಗೆ ಹಿಂದಿರುಗಿದೆವು.

ಈಗ ನನ್ನ ಅಧ್ಯಕ್ಷಗಿರಿ. ಅಂಗಡಿಯಲ್ಲಿದ್ದ ಅಗ್ಗದ ರೈಲೇ 630ರದು. ಈರಿಯ 6 ಕಳೆದರೆ ನನ್ನ ಜೇಬಿನಿಂದ 624 ಬೇಕು. ಇದ್ದದ್ದು 210. ಪೆನ್ಸಿಲ್ವೇನಿಯದ ಮೂರು ಷೇರನ್ನು 142ರಂತೆ ಮಾರಿದೆ, 426 ಬಂತು. ಲೆಕ್ಕ ಹಾಕಿ ನೋಡಿ ಮಕ್ಕಳೇ, ರೈಲು ಕೊಂಡ ಮೇಲೆ ನನ್ನ ಬಲಗಡೆ ಎಷ್ಟು ಉಳಿಯಿತು? 12 ಡಾಲರು.

ಆದರೆ 630ರ ರೈಲಿಗೆ ಒಂದು ಗುಣವಿದೆ. ಅದು ಗುಜರಿಗೆ ಹೋಗುವುದೇ ಇಲ್ಲ, ಆರು ಊರು ಮುಟ್ಟಿ ಬರುತ್ತದೆ. ಇನ್ನು ಸವಕಳಿಯ ಭಯವಿಲ್ಲ. ಬಂದದ್ದನ್ನೆಲ್ಲ ಹಂಚುತ್ತ ಹೋದೆ. ಪ್ರತಿ ಓಟಕ್ಕೂ ಈರಿಯ ಬೆಲೆ ಏರಿತು. ಅನಿಯ ಬಾಸ್ಟನ್ನಿಗೆ ರೈಲು ಹೊಸದು, ದಾರಿ ಮಾತ್ರ ಮೋಟು. ಅವನು ಆಗಾಗ ಈರಿಯ ಕಡೆ ಕಣ್ಣು ಹಾಯಿಸುವುದನ್ನು ನೋಡಿದೆ. ಮಾರಿದ ಆ ಮೂರು ಷೇರಿನಲ್ಲಿ ಎರಡನ್ನು ಪೇಟೆಯಿಂದ ನಾನೇ ಕೊಂಡಿದ್ದೆ.

ಐದು ಗಂಟೆಯ ಮೇಲೆ ಬ್ಯಾಂಕಿನ ತಟ್ಟೆ ಬರಿದಾಗಿ ಆಟ ಮುಗಿಯಿತು. ಗಡ್ಡದವರು ಮೊದಲು, ಮೇಷ್ಟರಮ್ಮ ಎರಡನೆಯವರು, ಅನಿ ಮೂರನೆಯವನು, ನಾನು ನಾಲ್ಕು. ಅನಿಗೂ ನನಗೂ 14 ಡಾಲರಿನ ವ್ಯತ್ಯಾಸ. ಮೇಷ್ಟರಮ್ಮ ಕೈಕುಲುಕಿ ಹೊರಟರು. ಗಡ್ಡದವರು ಬಿಲ್ಲೆಗಳನ್ನು ಪೆಟ್ಟಿಗೆಗೆ ಜೋಡಿಸತೊಡಗಿದರು. ಒಂದು ಸಾಲಿಗೆ 25 ಬಿಲ್ಲೆ. ಹಸಿರು ಬಿಲ್ಲೆಯ ಕೊನೆಯ ಸಾಲಿನಲ್ಲಿ 24 ಬಂತು. ಹೋಗಲಿ ಬಿಡಿ, ಒಂದು ಬಿಲ್ಲೆ ತಾನೇ ಎಂದರು ಅವರು. ನಾನು ಬಿಡಲಿಲ್ಲ. ಕ್ಯಾಷ್ ಟ್ಯಾಲಿ ಆಗದೆ ಮನೆಗೆ ಹೋದವನೇ ಅಲ್ಲ ನಾನು. ಮೇಜಿನ ಕೆಳಗೆ ಬಗ್ಗಿದೆವು, ರಟ್ಟುಗಳನ್ನು ಒದರಿದೆವು, ಕುರ್ಚಿ ಸರಿಸಿದೆವು.

"ತಾತ, ನಿಮ್ಮ ಶರ್ಟು" ಅಂದ ಅನಿ.

ಬಗ್ಗಿದಾಗ ನನ್ನ ಶರ್ಟಿನ ಜೇಬಿನ ಅಂಚಿನಲ್ಲಿ ಹಸಿರು ಬಣ್ಣ ಕಂಡಿತಂತೆ. 25 ಡಾಲರಿನ ಬಿಲ್ಲೆ. ಕಾಫಿಗೆ ಎದ್ದಾಗ ಕೈಯಲ್ಲಿದ್ದದ್ದನ್ನು ಹಾಗೇ ಜೇಬಿಗೆ ಇಳಿಬಿಟ್ಟಿದ್ದೆನೇನೋ.

ಅನಿ ಪೆನ್ಸಿಲ್ ಎತ್ತಿಕೊಂಡ. "ಇದನ್ನ ಸೇರಿಸಿದ್ರೆ ನೀವು ಮೂರು, ನಾನು ನಾಲ್ಕು!" ಎಂದು ಅಂಕಿ ಹೊಡೆದುಹಾಕಲು ಹೋದವನು ತಡೆದು ನನ್ನ ಮುಖ ನೋಡಿದ. "ತಾತ, ಇದು ನಿಮ್ಮ ದುಡ್ಡೋ, ಬ್ಯಾಂಕಿನ ದುಡ್ಡೋ?"

ಎಡಗಡೆಯ ತಟ್ಟೆಯಿಂದ ಎತ್ತಿದ್ದೆನೋ, ಬಲಗಡೆಯಿಂದಲೋ? ಎಷ್ಟು ನೆನೆದರೂ ನೆನಪಾಗಲಿಲ್ಲ. 36 ವರ್ಷ ಒಂದು ದಿನವೂ ಕಲೆಯದಿದ್ದದ್ದು ಒಂದು ಕಾಫಿಯ ಹೊತ್ತಿನಲ್ಲಿ ಕಲೆತುಹೋಗಿತ್ತು.

"ಬ್ಯಾಂಕಿನದು ಅಂತ ಬರಿ" ಅಂದೆ.

ಬಿಲ್ಲೆಯನ್ನು ಗಡ್ಡದವರಿಗೆ ಕೊಟ್ಟೆ. ಅವರು ಅದನ್ನು 25ನೆಯ ಜಾಗದಲ್ಲಿ ಕೂರಿಸಿ ಮುಚ್ಚಳ ಹಾಕಿದರು. ಅನಿ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, "ನಾಳೆನೂ ಬರೋಣ ತಾತ. ನಾಳೆ ಬ್ಯಾಂಕು ನನಗೆ ಇರ್ಲಿ. ನನ್ನ ಪೆಟ್ಟಿಗೆ ಮೇಲೆ ನೀವು ಒಂದು ಕಣ್ಣಿಟ್ಟಿರಿ" ಅಂದ.